ಅರ್ಜಿಯಲ್ಲಿ ‘ಮಾತೃಭಾಷೆ’ಗೆ ಒಂದೇ ಗೆರೆ ಬಿಟ್ಟಿದ್ದಾರೆ, ಏನು ಬರೀಲಿ?

ಚೌಕಿಪೇಟೆ ಹುಡುಗಿ:
ನಮಸ್ಕಾರ ಎಲ್ಲರಿಗೂ. ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸುತ್ತಿದ್ದೇವೆ. ಅರ್ಜಿಯಲ್ಲಿ ಹೆಸರು, ಹುಟ್ಟಿದ ದಿನ, ರಕ್ತದ ಗುಂಪು ಎಲ್ಲ ತುಂಬಿದೆ. ‘ಮಾತೃಭಾಷೆ’ ಅನ್ನೋ ಕಡೆ ಬಂದು ಪೆನ್ನು ನಿಂತಿದೆ. ಮೂರು ದಿನ ಆಯ್ತು.

ನಮ್ಮ ಅಪ್ಪ 1984ರಲ್ಲಿ ರಾಜಸ್ಥಾನದ ಜಾಲೋರ್ ಜಿಲ್ಲೆಯಿಂದ ದಾವಣಗೆರೆಗೆ ಬಂದವರು. ದೊಡ್ಡಪ್ಪನ ಬಟ್ಟೆ ಅಂಗಡಿಯಲ್ಲಿ ಥಾನು ಮಡಚೋ ಕೆಲಸ. ನಾನು ಹುಟ್ಟಿದ್ದು ಇಲ್ಲೇ, ಓದಿದ್ದು ಕನ್ನಡ ಮಾಧ್ಯಮ. ಮನೆಯಲ್ಲಿ ಮಾರ್ವಾಡಿ, ಬೀದಿಯಲ್ಲಿ ಕನ್ನಡ. ಮದುವೆಯಾಗಿದ್ದು ಚಿತ್ರದುರ್ಗದ ಕನ್ನಡದ ಹುಡುಗನನ್ನು. (ಆ ಕಥೆ ಇನ್ನೊಂದು ದಿನ. ಎರಡೂ ಮನೆಯವರು ಒಂದು ವರ್ಷ ಮಾತು ಬಿಟ್ಟಿದ್ದರು.)

ನನ್ನನ್ನು ಶಾಲೆಗೆ ಸೇರಿಸುವಾಗ ಅರ್ಜಿ ತುಂಬಿದವರು ಅಪ್ಪನನ್ನು ಒಂದು ಸಲ ನೋಡಿ ‘ಹಿಂದಿ’ ಅಂತ ಬರೆದುಬಿಟ್ಟರು. ಅಪ್ಪನಿಗೆ ಆಗ ಕನ್ನಡ ಓದಲು ಬರುತ್ತಿರಲಿಲ್ಲ. ಹತ್ತು ವರ್ಷ ನನ್ನ ದಾಖಲೆಯಲ್ಲಿ ಹಿಂದಿ. ನಮ್ಮ ಮನೆಯಲ್ಲಿ ಹಿಂದಿ ಕೇಳುತ್ತಿದ್ದದ್ದು ಟಿವಿಯಲ್ಲಿ ಮಾತ್ರ. ಮಗಳಿಗೂ ಯಾರೋ ಹಾಗೆ ಸುಮ್ನೆ ಬರೆದು ಕಳಿಸೋದು ಬೇಡ ಅಂತ ಅರ್ಜಿ ಮನೆಗೆ ತಂದೆ. ಈಗ ನನಗೇ ಗೊತ್ತಾಗುತ್ತಿಲ್ಲ. ನಮ್ಮವರು ‘ಕನ್ನಡ ಅಂತ ಬರಿ, ಮುಗೀತು’ ಅನ್ನುತ್ತಾರೆ. ನಿಮ್ಮ ಮನೆಗಳಲ್ಲಿ ಏನು ಮಾಡಿದಿರಿ?

ಮಂಡಕ್ಕಿ ಮೆಣಸಿನಕಾಯಿ:
ಮೂರು ದಿನದಿಂದ ಒಂದು ಗೆರೆನಾ ಅಕ್ಕ? ಅಷ್ಟರಲ್ಲಿ ಸೀಟೇ ಮುಗಿದು ಹೋಗುತ್ತೆ. ಮೊದಲು ಅರ್ಜಿ ಕೊಡಿ.

ದುರ್ಗದ ಮೇಷ್ಟ್ರು:
ಮೂವತ್ತು ವರ್ಷ ಇಂಥ ಅರ್ಜಿ ತುಂಬಿಸಿಕೊಂಡವನು ನಾನು. ನಾವೂ ಮುಖ ನೋಡಿ ಬರೆದಿದ್ದೇವೆ, ಒಪ್ಪಿಕೊಳ್ಳುತ್ತೇನೆ. ಟೋಪಿ ಇದ್ದರೆ ಉರ್ದು, ಸೇಟು ಅಂದರೆ ಹಿಂದಿ, ಉಳಿದವರೆಲ್ಲ ಕನ್ನಡ. ಜೂನ್ ತಿಂಗಳಲ್ಲಿ ಬಾಗಿಲಲ್ಲಿ ನಲವತ್ತು ಜನ ನಿಂತಿರುವಾಗ ಯಾರನ್ನು ಕೂರಿಸಿ ಕೇಳೋದು?

ಆದರೆ ನಿಮ್ಮ ಪ್ರಶ್ನೆ ಸಣ್ಣದಲ್ಲಮ್ಮ. ಸುಪ್ರೀಂ ಕೋರ್ಟಿನ ತನಕ ಹೋಗಿತ್ತು, ಅದೂ ನಮ್ಮ ರಾಜ್ಯದಿಂದಲೇ. 1994ರಲ್ಲಿ ಸರ್ಕಾರ ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆ ಇಲ್ಲವೇ ಕನ್ನಡದಲ್ಲೇ ಕಲಿಸಬೇಕು ಅಂತ ಆದೇಶ ಮಾಡಿತು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. 2014ರ ಮೇ ತಿಂಗಳಲ್ಲಿ ಐದು ಜನ ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಅಲ್ಲಿ ಎದ್ದ ಮೊದಲನೇ ಪ್ರಶ್ನೆಯೇ ‘ಮಾತೃಭಾಷೆ ಅಂದರೆ ಏನು, ಅದನ್ನು ತೀರ್ಮಾನ ಮಾಡೋರು ಯಾರು’ ಅಂತ. ಮಗುವಿನ ಮಾತೃಭಾಷೆ ಯಾವುದು ಅಂತ ಹೇಳೋರು ತಂದೆತಾಯಿ ಅಥವಾ ಪೋಷಕರು ಅಂತ ಕೋರ್ಟು ಹೇಳಿತು. ಶಾಲೆಯವರಲ್ಲ, ಸರ್ಕಾರವೂ ಅಲ್ಲ. ನೀವು ಏನು ಬರೆದರೂ ನಡೆಯುತ್ತದೆ.

ಚೌಕಿಪೇಟೆ ಹುಡುಗಿ:
ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಆದರೆ ಇದರಿಂದ ನನ್ನ ಕಷ್ಟ ಜಾಸ್ತಿ ಆಯ್ತು. ಕೋರ್ಟು ನನ್ನನ್ನೇ ಕೇಳು ಅನ್ನುತ್ತಿದೆ, ನಾನು ನಿಮ್ಮನ್ನು ಕೇಳುತ್ತಿದ್ದೇನೆ.

ಹಳೇ ದಾವಣಗೆರೆ:
ಕೋಪ ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ಇಲ್ಲಿ ಬಂದು ನಲವತ್ತು ವರ್ಷ ಆದಮೇಲೂ ‘ನಾವು ಯಾರು’ ಅಂತ ಕೇಳೋದು ಯಾಕೆ? ಈ ನೆಲದ ಅನ್ನ ತಿಂದಮೇಲೆ ಕನ್ನಡವೇ. ಮಂಡಿಪೇಟೆ ಕಡೆ ಅಂಗಡಿಗೆ ಹೋದರೆ ಇವತ್ತಿಗೂ ‘ಕ್ಯಾ ಚಾಹಿಯೇ’ ಅನ್ನುತ್ತಾರೆ. ನನ್ನ ಊರಲ್ಲಿ ನಾನು ಹಿಂದಿ ಮಾತಾಡಬೇಕಾ?

ಚೌಕಿಪೇಟೆ ಹುಡುಗಿ:
ಅಣ್ಣ, ನಿಮ್ಮ ಮಾತಲ್ಲಿ ಅರ್ಧ ಸರಿ. ನಮ್ಮ ಅಂಗಡಿಯಲ್ಲೂ ಹೊಸದಾಗಿ ಬಂದ ಹುಡುಗರು ಹಾಗೇ ಮಾಡುತ್ತಾರೆ, ಅಪ್ಪ ಬೈಯುತ್ತಾರೆ. ‘ಗಿರಾಕಿ ಭಾಷೆ ಬರಲಿಲ್ಲ ಅಂದ್ರೆ ಗಿರಾಕಿ ಬರಲ್ಲ’ ಅನ್ನೋದು ಅವರ ಲೆಕ್ಕ.

ಉಳಿದ ಅರ್ಧಕ್ಕೆ ಹೇಳುತ್ತೇನೆ. 2005ರ ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಕನ್ನಡ, 125ಕ್ಕೆ 117 ತಗೊಂಡಿದ್ದೆ. ಕ್ಲಾಸಿಗೇ ಜಾಸ್ತಿ. ಗೌಡರ ಹುಡುಗ ಒಬ್ಬ ಎದ್ದು ನಿಂತು ‘ಸೇಟು ಹುಡುಗಿಗೆ ಅಷ್ಟು ಹೆಂಗೆ ಬಂತು ಸಾರ್’ ಅಂತ ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಹೇಳಿದರೆ ಅಮ್ಮ ಕೇಳಿದ್ದು ಒಂದೇ: ‘ಉಳಿದ ಎಂಟು ಎಲ್ಲಿ ಹೋಯ್ತು?’ ನಮ್ಮ ಅಮ್ಮ ಹಾಗೇ. ಎಲ್ಲದರಲ್ಲೂ ಬಾಕಿ ಎಷ್ಟು ಅಂತ ನೋಡೋಳು.

ಇನ್ನೊಂದು ಗೊತ್ತಾ? ಮಾರ್ವಾಡಿಯಲ್ಲಿ ‘ಳ’ ಇದೆ. ಕಪ್ಪು ಅನ್ನೋದಕ್ಕೆ ಹಿಂದಿಯವರು ‘ಕಾಲಾ’ ಅಂದರೆ ನಾವು ‘ಕಾಳೋ’ ಅನ್ನುತ್ತೇವೆ. ಅಪ್ಪ ಕನ್ನಡ ಕಲಿಯುವಾಗ ಹಳ್ಳಿ, ಬಾಳೆ, ಬೆಳ್ಳುಳ್ಳಿ ಎಲ್ಲ ಮೊದಲನೇ ದಿನವೇ ಸರಿಯಾಗಿ ಬಂದವಂತೆ. ಅವರಿಗೆ ಇವತ್ತಿಗೂ ತೊಡಕಾಗೋದು ‘ಅವನು’, ‘ಅವರು’. ಗಿರಾಕಿಗೆ ‘ಅವನು ಬಂದ’ ಅಂದುಬಿಡುತ್ತಾರೆ. ಒಮ್ಮೆ ಒಬ್ಬ ಸ್ವಾಮಿಗಳಿಗೇ ಅಂದಿದ್ದಾರೆ.

ತಾಂಡಾದ ಹುಡುಗ:
ಅಕ್ಕ, ಕೂತಲ್ಲೇ ಎದ್ದುಬಿಟ್ಟೆ ನಿಮ್ಮ ಮಾತು ಓದಿ. ನಾನು ಲಂಬಾಣಿ, ಹರಪನಹಳ್ಳಿ ಕಡೆ ತಾಂಡಾ. ಹಾಸ್ಟೆಲಿನಲ್ಲಿದ್ದಾಗ ಪಕ್ಕದ ರೂಮಿನಲ್ಲಿ ಒಬ್ಬ ಮಾರ್ವಾಡಿ ಹುಡುಗ ಫೋನಿನಲ್ಲಿ ಮಾತಾಡುತ್ತಿದ್ದ. ನನಗೆ ಅರ್ಧ ಅರ್ಥವಾಯ್ತು! ಹೆದರಿದೆ ಕೂಡ, ಇವನಿಗೆ ನಮ್ಮ ಮಾತು ಹೇಗೆ ಗೊತ್ತು ಅಂತ. ಆಮೇಲೆ ತಿಳೀತು, ನಮ್ಮ ಲಂಬಾಣಿ ಮಾತು ಗೋರ್ ಬೋಲಿಯನ್ನೂ ರಾಜಸ್ಥಾನಿ ಭಾಷೆಗಳ ಗುಂಪಿಗೇ ಸೇರಿಸುತ್ತಾರೆ. ನೀವು ಬಾಟಿ ಅಂದರೆ ಕೆಂಡದಲ್ಲಿ ಸುಟ್ಟ ಗೋಧಿ ಉಂಡೆ. ನಮ್ಮಲ್ಲಿ ಬಾಟಿ ಅಂದರೆ ರೊಟ್ಟಿ.

ನಿಮ್ಮ ಅಪ್ಪ ರೈಲಿನಲ್ಲಿ ಬಂದರು. ನಮ್ಮವರು ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಶತಮಾನಗಳ ಹಿಂದೆಯೇ ಬಂದರು. ನಮ್ಮ ಸಂತ ಸೇವಾಲಾಲರು ಹುಟ್ಟಿದ ಊರು ಅಂತ ನಾವು ನಂಬೋ ಸೂರಗೊಂಡನಕೊಪ್ಪ ಇದೇ ದಾವಣಗೆರೆ ಜಿಲ್ಲೆಯಲ್ಲಿದೆ, ನ್ಯಾಮತಿ ಹತ್ತಿರ. ಫೆಬ್ರವರಿ ಜಾತ್ರೆಗೆ ಬೇರೆ ಬೇರೆ ರಾಜ್ಯಗಳಿಂದ ನಮ್ಮ ಜನ ಬರುತ್ತಾರೆ. ಆದರೂ ಶಾಲೆಯಲ್ಲಿ ನನ್ನನ್ನು ಕೇಳಿದ್ದು ‘ನೀವು ಮೂಲ ಎಲ್ಲಿಯವರು?’ ಅಂತ.

ಜನಗಣತಿಯಲ್ಲಿ ಇನ್ನೂ ಚಂದ. 2011ರ ಪಟ್ಟಿ ನೋಡಿ. ನಿಮ್ಮ ಮಾರ್ವಾಡಿ, ನಮ್ಮ ಲಂಬಾಣಿ, ಎರಡನ್ನೂ ಹಿಂದಿ ಖಾತೆಗೆ ಹಾಕಿದ್ದಾರೆ. ನಮ್ಮ ಯಾಡಿಗೆ, ಅಂದರೆ ತಾಯಿಗೆ, ಹಿಂದಿಯ ಒಂದು ಅಕ್ಷರ ಬರಲ್ಲ.

ದುರ್ಗದ ಮೇಷ್ಟ್ರು:
ಹರಪನಹಳ್ಳಿಯವರು ವಲಸೆ ಮಾತಾಡಿದರೆ ನಗು ಬರುತ್ತೆ ತಮ್ಮ. ಬೇಸರ ಬೇಡ. ನಿಮ್ಮ ತಾಲ್ಲೂಕೇ ವಲಸೆ ಹೋಗಿದೆಯಲ್ಲ! ಮೊದಲು ಬಳ್ಳಾರಿ, 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ.

ತಾಂಡಾದ ಹುಡುಗ:
ಹೌದು ಸಾರ್, ನಮ್ಮಪ್ಪ ಗುಡಿಸಲಿನಿಂದ ಕದಲದೆ ಮೂರು ಜಿಲ್ಲೆ ನೋಡಿದ್ದಾನೆ.

ನಾಲೆ ಬದಿ:
ನಾನು ಭದ್ರಾ ನಾಲೆ ಬದಿಯ ಕ್ಯಾಂಪಿನವನು. ತಾತ ಗೋದಾವರಿ ಕಡೆಯಿಂದ ಬಂದವರು. ಲಕ್ಕವಳ್ಳಿ ಅಣೆಕಟ್ಟಿನ ನೀರು ಈ ಕಡೆ ಹರಿದಮೇಲೆ ಭತ್ತ ಬೆಳೆಯೋದು ಗೊತ್ತಿದ್ದವರು ಅಲ್ಲಿನ ನೆಲ ಮಾರಿ ಇಲ್ಲಿ ಬಂದು ಜಾಸ್ತಿ ನೆಲ ಕೊಂಡರು. ಮನೆಯಲ್ಲಿ ತೆಲುಗು, ಆದರೆ ಅದು ಇಲ್ಲಿ ಬೆಂದ ತೆಲುಗು.

ಹನ್ನೆರಡು ವರ್ಷದವನಿದ್ದಾಗ ಭೀಮವರಂಗೆ ಮದುವೆಗೆ ಹೋಗಿದ್ದೆ. ‘ನಾನ್ನ ಎಲ್ಲಿ’, ಅಂದರೆ ಅಪ್ಪ ಎಲ್ಲಿ, ಅಂತ ಅತ್ತೆ ಕೇಳಿದರು. ಇಲ್ಲಿನ ಅಭ್ಯಾಸ, ‘ಗದ್ದೆಕಿ ವೆಳ್ಳಾರು’ ಅಂದೆ, ಗದ್ದೆಗೆ ಹೋಗಿದ್ದಾರೆ ಅಂತ. ಅವರ ತೆಲುಗಲ್ಲಿ ಹೊಲಕ್ಕೆ ‘ಪೊಲಂ’ ಅನ್ನಬೇಕು. ‘ಗದ್ದ’ ಅಂದರೆ ಹದ್ದು. ನಮ್ಮಪ್ಪ ಹದ್ದಿನ ಹತ್ತಿರ ಹೋಗಿದ್ದಾರೆ ಅಂತ ಇಡೀ ಚಪ್ಪರಕ್ಕೆ ಗೊತ್ತಾಯ್ತು. ಇವತ್ತಿಗೂ ಆ ಕಡೆ ನೆಂಟರು ಫೋನ್ ಮಾಡಿದರೆ ‘ಹದ್ದು ಹೇಗಿದೆ’ ಅಂತಲೇ ಶುರು.

ಇಲ್ಲಿ ‘ಆಂಧ್ರದವನು’, ಅಲ್ಲಿ ‘ಕನ್ನಡದವನು’. ಯುಗಾದಿ ಮಾತ್ರ ಎರಡೂ ಕಡೆ ಒಂದೇ ದಿನ, ಪುಣ್ಯ. ಬೆಳಿಗ್ಗೆ ಅಮ್ಮ ಹುಣಸೆಹಣ್ಣು, ಮಾವಿನಕಾಯಿ, ಬೇವಿನ ಹೂ ಹಾಕಿ ಪಚ್ಚಡಿ ಮಾಡುತ್ತಾಳೆ, ಗ್ಲಾಸಿನಲ್ಲಿ ಕುಡಿಯೋ ಹಾಗೆ. ಹತ್ತು ಗಂಟೆಗೆ ಪಕ್ಕದ ಮನೆಯವರು ಬೇವು ಬೆಲ್ಲ ಕೊಡುತ್ತಾರೆ. ಒಂದೇ ವರ್ಷದ ಕಹಿಯನ್ನು ಎರಡು ಸಲ ನುಂಗೋದು ನಾವು.

ನನ್ನ ಮಕ್ಕಳ ಅರ್ಜಿಗೆ ‘ತೆಲುಗು’ ಅಂತ ಬರೆದೆ. ದೊಡ್ಡವನು ಈಗ ಕೇಳುತ್ತಾನೆ, ‘ಅಪ್ಪ, ತೆಲುಗು ಅಂತ ಬರೆದಿದ್ದೀಯ, ನನಗೆ ಓದೋಕೆ ಯಾಕೆ ಕಲಿಸಲಿಲ್ಲ?’ ನನಗೂ ಓದೋಕೆ ಬರಲ್ಲ. ಇನ್ನೇನು ಹೇಳಲಿ ಅವನಿಗೆ.

ಆಜಾದ್ ನಗರ:
ನಮ್ಮ ಕಥೆ ಉಲ್ಟಾ. ಎಷ್ಟು ತಲೆಮಾರು ಹಿಂದೆ ಹೋದರೂ ಇದೇ ಸೀಮೆ. ಬೇರೆ ಊರೇ ಇಲ್ಲ. ಆದರೂ ನಾವು ಮಾತಾಡೋ ದಖನಿ ಉರ್ದುವಿನ ‘ನಕ್ಕೋ’ (ಬೇಡ), ‘ಹೌ’ (ಹೌದು) ಕೇಳಿ ‘ಉತ್ತರದ ಕಡೆಯವರಾ?’ ಅಂತ ಕೇಳಿದವರಿದ್ದಾರೆ. ಲಖನೌದವರ ಮುಂದೆ ನಾವು ಬಾಯಿ ಬಿಟ್ಟರೆ ಅವರು ನಗುತ್ತಾರೆ, ಇದೆಂಥ ಉರ್ದು ಅಂತ. ದಖನಿ ಅಂತ ಬರೆಯೋಕೆ ಯಾವ ಅರ್ಜಿಯಲ್ಲೂ ಜಾಗ ಇಲ್ಲ, ‘ಉರ್ದು’ ಅಂತ ಬರೆದು ಬರ್ತೀವಿ. ಅಷ್ಟೇ.

ಹಳೇ ದಾವಣಗೆರೆ:
ನಾನು ಯಾರನ್ನೂ ಹೊರಗಿನವರು ಅನ್ನಲಿಲ್ಲ. ಅಂಗಡಿ ವಿಷಯ ಹೇಳಿದೆ. ಅಂದಹಾಗೆ ಮಂಡಿಪೇಟೆಯಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಇಲ್ಲ, ಅದರ ಬಗ್ಗೆ ಯಾರೂ ಬರೆಯಲ್ಲ.

ಮಂಡಕ್ಕಿ ಮೆಣಸಿನಕಾಯಿ:
ಹಳೇ ದಾವಣಗೆರೆ ಅಣ್ಣಾ, ಊರಿನ ಹೆಮ್ಮೆ ಅಂತ ಬೆಣ್ಣೆ ದೋಸೆ ತೋರಿಸುತ್ತೇವಲ್ಲ, ಅದನ್ನು ಶುರು ಮಾಡಿದ ಚೆನ್ನಮ್ಮ ಕೂಡ ಬೆಳಗಾವಿ ಕಡೆಯಿಂದ 1928ರಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬಂದವರಂತೆ. ಮೊದಲು ಹುಯ್ಯುತ್ತಿದ್ದದ್ದು ರಾಗಿ ದೋಸೆ. ಬೆಣ್ಣೆ, ಅಕ್ಕಿ ಎಲ್ಲ ಮಕ್ಕಳ ಕಾಲಕ್ಕೆ.

ನಿರ್ವಾಹಕ:
ದಯವಿಟ್ಟು ಈ ಚರ್ಚೆಯೂ ಬೆಣ್ಣೆ ದೋಸೆಗೆ ಹೋಗಿ ನಿಲ್ಲೋದು ಬೇಡ. ಹೋದ ವಾರ ನೀರಿನ ಬಿಲ್ಲಿನ ಚರ್ಚೆ ಅಲ್ಲೇ ಮುಗೀತು. ಪಾರ್ಕಿಂಗಿಗೆ ಬೇರೆ ಎಳೆ ತೆರೆಯಿರಿ.

ಎಡಿಸನ್ ಅಮ್ಮ:
ನಾನು ಪಿ.ಜೆ. ಬಡಾವಣೆ ಹುಡುಗಿ, ಈಗ ನ್ಯೂಜೆರ್ಸಿಯಲ್ಲಿದ್ದೇನೆ. ಗಂಡ ವಡೋದರಾದವರು. ಮಗಳಿಗೆ ಒಂಬತ್ತು. ನಿಮ್ಮೆಲ್ಲರ ಮಾತು ಓದಿ ನಮ್ಮ ಮನೆ ಇನ್ನೂ ದೊಡ್ಡ ಸಂತೆ ಅನ್ನಿಸಿತು.

ಇಲ್ಲೂ ಅರ್ಜಿ ಬಿಡಲ್ಲ. ಶಾಲೆಗೆ ಸೇರಿಸುವಾಗ ಮನೆ ಭಾಷೆ ಯಾವುದು, ಮಗು ಮೊದಲು ಕಲಿತ ಭಾಷೆ ಯಾವುದು ಅಂತ ಕೇಳುತ್ತಾರೆ. ನಾನು ಹೆಮ್ಮೆಯಿಂದ ‘ಕನ್ನಡ’ ಅಂತ ಬರೆದೆ. ಹಾಗೆ ಬರೆದರೆ ಮಗುವಿಗೆ ಇಂಗ್ಲಿಷ್ ಎಷ್ಟು ಬರುತ್ತೆ ಅಂತ ಪರೀಕ್ಷೆ ಮಾಡುತ್ತಾರೆ, ನನಗೆ ಗೊತ್ತಿರಲಿಲ್ಲ. ಇವಳು ಆ ಟೀಚರಿಗೆ ಇಂಗ್ಲಿಷಿನಲ್ಲೇ ಹೇಳಿದಳಂತೆ, ‘ನಮ್ಮಮ್ಮ ಸುಮ್ನೆ ಬರೆದಿದ್ದಾಳೆ, ನನಗೆ ಕನ್ನಡದಲ್ಲಿ ಬೈಗುಳ ಮಾತ್ರ ಗೊತ್ತು’ ಅಂತ. ಆ ದಿನ ರಾತ್ರಿ ನನಗೆ ಊಟ ಸೇರಲಿಲ್ಲ.

ಹಬ್ಬದ ವಿಷಯದಲ್ಲಿ ಅವಳಿಗೆ ಲಾಭವೋ ಲಾಭ. ನಮ್ಮ ಬಲಿಪಾಡ್ಯಮಿ ದಿನವೇ ಗುಜರಾತಿಗಳಿಗೆ ಹೊಸ ವರ್ಷ. ಅತ್ತೆ ಕೈಗೆ ದುಡ್ಡು ಇಡುತ್ತಾರೆ. ಯುಗಾದಿಗೆ ನನ್ನಮ್ಮ ವಿಡಿಯೋದಲ್ಲಿ ಆಶೀರ್ವಾದ ಮಾಡಿ ದುಡ್ಡು ಕಳಿಸುತ್ತಾರೆ. ಜನವರಿ ಒಂದು ಇದ್ದೇ ಇದೆ. ವರ್ಷಕ್ಕೆ ಮೂರು ಹೊಸ ವರ್ಷ, ಮೂರಕ್ಕೂ ಬಟ್ಟೆ. ನವರಾತ್ರಿ ಒಂಬತ್ತು ರಾತ್ರಿಯೂ ಗರ್ಬಾ ಕುಣಿಯುತ್ತಾಳೆ. ‘ನಮ್ಮಲ್ಲಿ ಬನ್ನಿ ಕೊಡ್ತೀವಿ, ಬಂಗಾರ ಅಂತೀವಿ’ ಅಂದರೆ, ‘ಅದರಲ್ಲಿ ಡ್ಯಾನ್ಸ್ ಇದೆಯಾ?’ ಅಂತಾಳೆ. ಬನ್ನಿ ಎಲೆಗೂ ಡ್ಯಾನ್ಸಿಗೂ ಎಲ್ಲಿಯ ಪೈಪೋಟಿ ಹೇಳಿ.

ಚೌಕಿಪೇಟೆ ಹುಡುಗಿ, ಒಂದು ಕೇಳಲಾ? ಚಿಕ್ಕವಳಿದ್ದಾಗ ನಿನಗೆ ಎರಡು ಮನೆ ಇದೆ ಅನ್ನಿಸುತ್ತಿತ್ತಾ, ಒಂದೂ ಇಲ್ಲ ಅನ್ನಿಸುತ್ತಿತ್ತಾ? ನನ್ನ ಮಗಳನ್ನು ಕೇಳಿದರೆ ಭುಜ ಕುಣಿಸುತ್ತಾಳೆ.

ಚೌಕಿಪೇಟೆ ಹುಡುಗಿ:
ಅಕ್ಕ, ಅದನ್ನೇ ಎರಡು ದಿನದಿಂದ ಯೋಚನೆ ಮಾಡಿದೆ. ಆಗ ನನಗೆ ಹಾಗೆಲ್ಲ ಅನ್ನಿಸುತ್ತಲೇ ಇರಲಿಲ್ಲ. ತೊಂದರೆ ಆಗುತ್ತಿದ್ದದ್ದು ಕ್ಯಾಲೆಂಡರಿನಲ್ಲಿ!

ನಮ್ಮ ಕಡೆ ತಿಂಗಳು ಹುಣ್ಣಿಮೆಗೆ ಮುಗಿಯುತ್ತೆ. ಇಲ್ಲಿ ಅಮಾವಾಸ್ಯೆಗೆ. ಹಾಗಾಗಿ ಅಮ್ಮನ ಶ್ರಾವಣ ಹದಿನೈದು ದಿನ ಮೊದಲೇ ಬರುತ್ತೆ. ಬೀದಿಯಲ್ಲಿ ಇನ್ನೂ ಆಷಾಢ. ನಮ್ಮ ಮನೆಯಲ್ಲಿ ಸೋಮವಾರದ ಉಪವಾಸ ಶುರು. ರಾಖಿ ಹುಣ್ಣಿಮೆಗೆ ಅಮ್ಮನ ಶ್ರಾವಣ ಮುಗಿದರೆ ಪಕ್ಕದ ಮನೆ ಅಜ್ಜಿಗೆ ಇನ್ನೂ ಅರ್ಧ ತಿಂಗಳು ಬಾಕಿ. ‘ಅಕ್ಕಪಕ್ಕದವರೆಲ್ಲ ಉಪವಾಸ ಇರುವಾಗ ನಾನೊಬ್ಬಳು ಉಣ್ಣೋದು ಹೇಗೆ’ ಅಂತ ಅಮ್ಮ ಅದನ್ನೂ ಹಿಡಿದಳು. ಎರಡೂ ಲೆಕ್ಕ ಸೇರಿ ಆರು ಸೋಮವಾರ. ಶಿವನಿಗೇ ಗೊಂದಲ ಆಗಿರಬೇಕು.

ಗೌರಿಯೂ ಎರಡು. ಅಮ್ಮನ ಗಣಗೌರ್ ಹೋಳಿ ಮಾರನೇ ದಿನ ಶುರುವಾಗಿ ಯುಗಾದಿ ಆದ ಎರಡು ದಿನಕ್ಕೆ ಮುಗಿಯುತ್ತೆ. ಕುಂಡದಲ್ಲಿ ಗೋಧಿ ಮೊಳಕೆ ಬೆಳೆಸಿ, ಈಸರ್ (ಶಿವ), ಗೌರಿ ಬೊಂಬೆ ಕೂರಿಸೋದು. ಬೀದಿಯ ಗೌರಿ ಹುಣ್ಣಿಮೆ ಬರೋದು ದೀಪಾವಳಿ ಆದಮೇಲೆ. ಅದಕ್ಕೆ ನಾನು ಹೊಸ ಲಂಗ ಹಾಕಿಕೊಂಡು, ತಟ್ಟೆಯಲ್ಲಿ ಸಕ್ಕರೆ ಆನೆ, ಸಕ್ಕರೆ ತೇರು ಇಟ್ಟುಕೊಂಡು ಆರತಿ ಬೆಳಗೋಕೆ ಹೋಗುತ್ತಿದ್ದೆ. ಬರುವಾಗ ಆನೆಗೆ ಸೊಂಡಿಲು ಇರುತ್ತಿರಲಿಲ್ಲ. ದಾರಿಯಲ್ಲೇ ಕಡಿದಿರುತ್ತಿದ್ದೆ.

ಒಂದು ಸಂಗತಿ ಮಾತ್ರ ಮರೆತಿಲ್ಲ. ನನಗೆ ಏಳು ವರ್ಷ. ಮೈಮೇಲೆ ಗುಳ್ಳೆ ಎದ್ದವು. ಅಮ್ಮ ನೋಡಿದ್ದೇ ಕೈ ಮುಗಿದು ‘ಮಾತಾಜಿ’ ಅಂದಳು. ಪಕ್ಕದ ಮನೆ ಅಜ್ಜಿ ಬಂದು ನೋಡಿ ‘ಅಮ್ಮ ಆಗೇತಿ ಮಗೀಗೆ’ ಅಂದರು. ಆಗ ಅಮ್ಮನಿಗೆ ಕನ್ನಡ ಹತ್ತು ಮಾತು ಬರುತ್ತಿತ್ತು, ಅಜ್ಜಿಗೆ ಮಾರ್ವಾಡಿ ಒಂದೂ ಬರುತ್ತಿರಲಿಲ್ಲ. ಆದರೂ ಅವತ್ತು ಇಬ್ಬರಿಗೂ ಮಾತೇ ಬೇಕಾಗಲಿಲ್ಲ. ಅಜ್ಜಿ ಬೇವಿನ ಸೊಪ್ಪು ತಂದು ಹಾಸಿಗೆ ಮೇಲೆ ಹರಡಿದರು. ಅಮ್ಮ ಒಗ್ಗರಣೆ ನಿಲ್ಲಿಸಿದಳು. ಅಜ್ಜಿ ‘ಒಗ್ಗರಣೆ ಹಾಕಬ್ಯಾಡ’ ಅಂತ ಕೈಸನ್ನೆ ಮಾಡೋಕೆ ಅಡುಗೆಮನೆಗೆ ಹೋದರೆ ಒಲೆ ಆಗಲೇ ಆರಿತ್ತು. ಹೋಳಿ ಆಗಿ ವಾರಕ್ಕೆ ನಮ್ಮಲ್ಲಿ ಈ ಗುಳ್ಳೆಯ ದೇವಿ ಶೀತಳಾ ಮಾತೆಗೆ ಹಿಂದಿನ ದಿನ ಮಾಡಿಟ್ಟ ತಣ್ಣನೆ ಅಡುಗೆ ಎಡೆ ಇಡುತ್ತಾರೆ, ಅವತ್ತು ಒಲೆ ಹಚ್ಚಲ್ಲ. ಅಜ್ಜಿ ಮೊಸರನ್ನ ಕಲಸಿ ಊರದೇವಿ ದುಗ್ಗಮ್ಮನಿಗೆ ಅಂತ ತೆಗೆದಿಟ್ಟರು. ಗುಳ್ಳೆ ಇಳಿದಮೇಲೆ ಇಬ್ಬರೂ ಸೇರಿ ನನ್ನನ್ನು ದುಗ್ಗಮ್ಮನ ಗುಡಿಗೆ ಕರೆದುಕೊಂಡು ಹೋದರು. ಅಮ್ಮ ಅಲ್ಲಿ ಶೀತಳಾ ಮಾತೆಯ ಹಾಡು ಹಾಡಿದಳು, ಮಾರ್ವಾಡಿಯಲ್ಲಿ. ಪೂಜಾರಿ ಒಮ್ಮೆ ತಿರುಗಿ ನೋಡಿದ, ಆರತಿ ಮುಂದುವರಿಸಿದ.

ಅಜ್ಜಿ ಹೋಗಿ ಹನ್ನೊಂದು ವರ್ಷ ಆಯ್ತು. ಅಮ್ಮನ ಕನ್ನಡದಲ್ಲಿ ಇವತ್ತಿಗೂ ಅಜ್ಜಿಯ ‘ಆಗೇತಿ’, ‘ಬ್ಯಾಡ’ ಹಾಗೇ ಇವೆ. ಜಾಲೋರ್‌ನಿಂದ ಬಂದ ಸೊಸೆಯಂದಿರಿಗೆ ಅಮ್ಮನೇ ಕನ್ನಡ ಕಲಿಸುತ್ತಾಳೆ. ಅವರೂ ‘ಬ್ಯಾಡ’ ಅಂತಲೇ ಕಲಿಯುತ್ತಾರೆ.

ಎಡಿಸನ್ ಅಮ್ಮ:
ಇದನ್ನು ಮಗಳಿಗೆ ಇಂಗ್ಲಿಷಿನಲ್ಲಿ ಹೇಳೋಕೆ ಹೋದೆ. ‘ಅಮ್ಮ ಆಗೇತಿ’ ಅನ್ನೋ ಜಾಗದಲ್ಲಿ ನಿಂತುಬಿಟ್ಟೆ. ಅವಳು ‘ಕನ್ನಡದಲ್ಲೇ ಹೇಳು, ಅರ್ಥ ಆಗದಿದ್ದರೆ ಕೇಳ್ತೀನಿ’ ಅಂದಳು. ಹನ್ನೆರಡು ಸಲ ಕೇಳಿದಳು. ಮುಕ್ಕಾಲು ಗಂಟೆ ಹಿಡೀತು.

ದುರ್ಗದ ಮೇಷ್ಟ್ರು:
ಜನಗಣತಿಯವರ ಪ್ರಕಾರ ಮಾತೃಭಾಷೆ ಅಂದರೆ ಚಿಕ್ಕಂದಿನಲ್ಲಿ ತಾಯಿ ಮಗುವಿನ ಜೊತೆ ಆಡಿದ ಭಾಷೆ. ಹಾಗೆ ನೋಡಿದರೆ ಪ್ರಶ್ನೆ ಸುಲಭ. ನೀವು ಮಗಳ ಜೊತೆ ಯಾವುದರಲ್ಲಿ ಮಾತಾಡುತ್ತೀರಿ?

ಚೌಕಿಪೇಟೆ ಹುಡುಗಿ:
ಸುಲಭ ಎಲ್ಲಿ ಮೇಷ್ಟ್ರೇ. ನಿನ್ನೆ ಇಡೀ ದಿನ ನನ್ನ ಮೇಲೆ ನಾನೇ ಕಿವಿ ಇಟ್ಟೆ. ಎಬ್ಬಿಸುವಾಗ ಮಾರ್ವಾಡಿ. ಹಲ್ಲುಜ್ಜು, ತಿನ್ನು, ಶೂ ಹಾಕು, ಎಲ್ಲ ಕನ್ನಡ. ಸಿಟ್ಟು ಬಂದರೆ ಕನ್ನಡ, ಜಾಸ್ತಿ ಸಿಟ್ಟು ಬಂದರೆ ಅಜ್ಜಿಯ ಕನ್ನಡ. ಲೆಕ್ಕ ಹೇಳಿಕೊಡೋದು ಮಾರ್ವಾಡಿಯಲ್ಲಿ, ಅದು ಅಂಗಡಿಯಿಂದ ಬಂದ ಚಟ. ರಾತ್ರಿ ಮಲಗಿಸುವಾಗ ಅಮ್ಮ ಹಾಡುತ್ತಿದ್ದ ಹಾಡು. ಅದರ ಅರ್ಧ ಸಾಲು ನನಗೆ ಮರೆತಿದೆ. ಮರೆತ ಕಡೆ ‘ಳ’, ‘ಳ’ ಅಂತ ಗುನುಗುತ್ತೇನೆ. ಮಗಳು ಆ ಹಾಡನ್ನು ‘ಳ ಹಾಡು’ ಅನ್ನುತ್ತಾಳೆ.

ತಾಂಡಾದ ಹುಡುಗ:
ಅಕ್ಕ, ಆ ಹಾಡಿನ ಮರೆತ ಸಾಲು ಅಮ್ಮನ ಹತ್ತಿರ ಕೇಳಿ ರೆಕಾರ್ಡ್ ಮಾಡಿಕೊಳ್ಳಿ, ಈಗಲೇ. ನಮ್ಮ ಅಜ್ಜಿಯದು ನಾನು ಮಾಡಿಕೊಳ್ಳಲಿಲ್ಲ.

ಹಳೇ ದಾವಣಗೆರೆ:
ಚೌಕಿಪೇಟೆಯಲ್ಲಿ ನಿಮ್ಮ ಅಂಗಡಿ ಯಾವುದು ಅಂತ ಕೇಳಲ್ಲ. ನಮ್ಮವಳಿಗೆ ಇಳಕಲ್ ಸೀರೆ ಬೇಕಿತ್ತು. ಇಟ್ಟಿದ್ದೀರಾ?

ಚೌಕಿಪೇಟೆ ಹುಡುಗಿ:
ಇಟ್ಟಿದ್ದೇವೆ ಅಣ್ಣ. ಖಾಸಗಿಯಾಗಿ ಮೆಸೇಜ್ ಮಾಡಿ. ಕನ್ನಡದಲ್ಲೇ ಚೌಕಾಸಿ ಮಾಡೋಣ.

ಮಂಡಕ್ಕಿ ಮೆಣಸಿನಕಾಯಿ:
ಅದೆಲ್ಲ ಸರಿ, ಅರ್ಜಿ ಏನಾಯ್ತು?

ಚೌಕಿಪೇಟೆ ಹುಡುಗಿ:
ಇವತ್ತು ಬೆಳಿಗ್ಗೆ ಕೊಟ್ಟು ಬಂದೆ. ‘ಕನ್ನಡ, ಮಾರ್ವಾಡಿ’ ಅಂತ ಎರಡನ್ನೂ ಬರೆದಿದ್ದೆ. ಗೆರೆ ಚಿಕ್ಕದು, ಮಾರ್ವಾಡಿಯ ‘ಡಿ’ ಪಕ್ಕದ ರಕ್ತದ ಗುಂಪಿನ ಮೇಲೆ ಹೋಗಿತ್ತು. ಕೌಂಟರಿನ ಮೇಡಂ ಕನ್ನಡಕ ಏರಿಸಿ ನೋಡಿ, ‘ಕಂಪ್ಯೂಟರಿನಲ್ಲಿ ಒಂದೇ ತಗೊಳ್ಳುತ್ತೆ, ಮೊದಲನೇದು ಹಾಕ್ತೀನಿ, ಪೇಪರಿನಲ್ಲಿ ಎರಡೂ ಇರಲಿ’ ಅಂದರು. ಸರಿ ಅಂದೆ.

ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಇಷ್ಟು ದಿನ ಒದ್ದಾಡಿದ್ದು, ಕೋರ್ಟು, ಜನಗಣತಿ, ನಿಮ್ಮೆಲ್ಲರ ಮಾತು, ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು: ‘ಫೀಸಿನಲ್ಲಿ ಎಷ್ಟು ಬಿಟ್ಟರು?’